ಹಳೆ ಮ್ಯಾಚಿನ ಜಗಳ ಬರೆಯುವುದು ಹೇಗೆ: ದಾವಣಗೆರೆ–ಚಿತ್ರದುರ್ಗದ ಫುಟ್‌ಬಾಲ್ ಇತಿಹಾಸಕ್ಕೆ ಕೈಹಾಕುವವರಿಗೆ

"ಹೈಸ್ಕೂಲ್ ಮೈದಾನದ ಆ ಫೈನಲ್‌ನಲ್ಲಿ ರೆಫ್ರಿ ಮೋಸ ಮಾಡಿದ." ಮಂಡಕ್ಕಿ–ಮೆಣಸಿನಕಾಯಿ ತಟ್ಟೆಯ ಮುಂದೆ ಈ ಮಾತು ಚೆನ್ನಾಗಿ ಓಡುತ್ತದೆ. ಕಾಗದಕ್ಕೆ ಇಳಿಸಲು ಕೂತರೆ ಮೊದಲ ಸಾಲಿಗೇ ಪೆನ್ನು ನಿಲ್ಲುತ್ತದೆ: ಯಾವ ಫೈನಲ್, ಯಾವ ವರ್ಷ? ರೆಫ್ರಿಯ ಸರಿತಪ್ಪು ಆಮೇಲಿನದು. ಆಟದ ನಿಯಮ, ಮೈದಾನದ ಬೆಳಕು, ಊರು ಆಗ ಯಾವ ಜಿಲ್ಲೆಗೆ ಸೇರಿತ್ತು ಎಂಬುದು, ಎಲ್ಲವೂ ದಿನಾಂಕದ ಬೆನ್ನಿಗೇ ಬರುತ್ತವೆ.

ಹಿರಿಯರನ್ನು "ಯಾವ ಇಸವಿ?" ಎಂದು ಕೇಳಬೇಡಿ, ಬಾಯಿಗೆ ಬಂದದ್ದು ಹೇಳುತ್ತಾರೆ. "ಆಗ ನೀವು ಎಷ್ಟನೇ ಕ್ಲಾಸು?", "ಮದುವೆ ಆಗಿತ್ತಾ?", "ದುಗ್ಗಮ್ಮನ ಜಾತ್ರೆಗೆ ಮುಂಚೆಯೋ, ಆಮೇಲೋ?" ಎಂದು ಕೇಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಲಗ್ನಪತ್ರಿಕೆ ಮನೆಯಲ್ಲೇ ಇರುತ್ತವೆ. ಅವುಗಳಿಂದ ಎರಡು–ಮೂರು ವರ್ಷದ ಅಂತರಕ್ಕೆ ಬಂದು ನಿಲ್ಲಬಹುದು. ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ ಕೂರಿಸಿ ಮಾತಾಡಿಸಿ. ನಾಲ್ಕು ಜನ ಗೆಳೆಯರು ಒಟ್ಟಿಗೆ ಕೂತರೆ ಜೋರು ದನಿಯವನ ನೆನಪೇ ಎಲ್ಲರ ನೆನಪಾಗುತ್ತದೆ.

ಆಮೇಲೆ ಪತ್ರಿಕೆ. ಪ್ರಜಾವಾಣಿ ಶುರುವಾದದ್ದು 1948ರಲ್ಲಿ. ಅದಕ್ಕೂ ಹಿಂದಿನದಕ್ಕೆ ತಾಯಿನಾಡು, ಸಂಯುಕ್ತ ಕರ್ನಾಟಕ ನೋಡಬೇಕು. ಇತ್ತೀಚಿನ ದಶಕಗಳಿಗೆ ದಾವಣಗೆರೆಯದೇ ಆದ ಜನತಾವಾಣಿ ಇದೆ. ಪಂದ್ಯದ ಮರುದಿನದ ಸಂಚಿಕೆ ಮಾತ್ರ ನೋಡಿ ಬಿಡಬೇಡಿ. ಜಿಲ್ಲೆಯ ಸುದ್ದಿ ಅಂಚೆಯಲ್ಲಿ ಹೋಗುತ್ತಿದ್ದ ಕಾಲ ಅದು, ಕನಿಷ್ಠ ಒಂದು ವಾರದ ಸಂಚಿಕೆಗಳನ್ನು ತಿರುವಿ. "ದಾವಣಗೆರೆ, ಜ. 12" ಎಂದು ಸುದ್ದಿಯ ತಲೆಯಲ್ಲಿದ್ದರೆ ಅದು ವರದಿ ಬರೆದ ದಿನ, ಒಳಗಿನ "ನಿನ್ನೆ" ಎಂದರೆ 11. ಅಚ್ಚಾದ ದಿನದಿಂದ ಲೆಕ್ಕ ಹಾಕಿ ಪಂದ್ಯವನ್ನು ಎರಡು ದಿನ ಮುಂದೂಡಿದವರು ಬಹಳ ಮಂದಿ. ಫೋಟೊ ತೆಗೆಯುವಾಗ ಮೊದಲು ಪತ್ರಿಕೆಯ ಹೆಸರು, ದಿನಾಂಕ ಇರುವ ಮುಖಪುಟದ ತಲೆ, ಆಮೇಲೆ ಸುದ್ದಿ.

ಕಡತ ಹುಡುಕುವಾಗ ಗಡಿ ನೆನಪಿರಲಿ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮುಂಚಿನ ದಾವಣಗೆರೆ, ಹರಿಹರ, ಜಗಳೂರಿನ ಕಾಗದಗಳು ಚಿತ್ರದುರ್ಗದ ಹೆಸರಲ್ಲಿರುತ್ತವೆ. ಹೊನ್ನಾಳಿ, ಚನ್ನಗಿರಿಯವು ಶಿವಮೊಗ್ಗದಲ್ಲಿ. 1973ರ ನವೆಂಬರ್‌ವರೆಗೆ ರಾಜ್ಯದ ಹೆಸರು ಮೈಸೂರು. ಹಳೆ ಇಂಗ್ಲಿಷ್ ಕಾಗದದಲ್ಲಿ ಚಿತ್ರದುರ್ಗ "ಚಿತಲ್‌ಡ್ರೂಗ್" ಆಗಿರುತ್ತದೆ.

ದಿನಾಂಕ ಸಿಕ್ಕಿತೇ? ಈಗ ಆ ದಿನದ ನಿಯಮಕ್ಕೆ ಬನ್ನಿ. ಬಹುತೇಕ ಬರಹಗಳು ಎಡವುವುದು ಇಲ್ಲೇ. 1962ರ ಪಂದ್ಯದಲ್ಲಿ "ರೆಡ್ ಕಾರ್ಡ್ ತೋರಿಸಿದರು" ಎಂದು ಯಾರಾದರೂ ಹೇಳಿದರೆ ಅದು ಟಿವಿ ನೋಡಿ ಮೆತ್ತಿಕೊಂಡ ನೆನಪು. ಕಾರ್ಡ್‌ಗಳು ಮೊದಲು ಬಂದದ್ದು 1970ರ ವಿಶ್ವಕಪ್‌ಗೆ. ಫಿಫಾ ಪಂದ್ಯಗಳಿಗೆ ಪೆನಾಲ್ಟಿ ಶೂಟೌಟ್‌ಗೆ ಒಪ್ಪಿಗೆ ಸಿಕ್ಕಿದ್ದೂ 1970ರಲ್ಲೇ. ಅದಕ್ಕೂ ಮುಂಚೆ ಸಮವಾದರೆ ಮರುಪಂದ್ಯ, ಜಂಟಿ ವಿಜೇತರು ಅಥವಾ ನಾಣ್ಯ ಚಿಮ್ಮುವುದು. 1968ರ ಯುರೋಪಿಯನ್ ಕಪ್ ಸೆಮಿಫೈನಲ್‌ನಲ್ಲಿ ಇಟಲಿ ಸೋವಿಯತ್ ತಂಡವನ್ನು ದಾಟಿದ್ದು ನಾಣ್ಯದಿಂದಲೇ. ಆಫ್‌ಸೈಡ್ (ಪಾಸ್ ಕೊಡುವ ಹೊತ್ತಿಗೆ ಎದುರಾಳಿಗಳನ್ನು ದಾಟಿ ಮುಂದೆ ನಿಂತಿರುವ ತಪ್ಪು) ಜಗಳವಾದರೆ 1990 ನೆನಪಿಡಿ: ಅಲ್ಲಿಯವರೆಗೆ ಕೊನೆಯಿಂದ ಎರಡನೆಯ ಎದುರಾಳಿಯ ಸಮಕ್ಕೆ ನಿಂತವನೂ ಆಫ್‌ಸೈಡ್. ಇವತ್ತಿನ ಕಣ್ಣಿಗೆ "ಮೋಸ" ಅನಿಸುವ ಎಷ್ಟೋ ಸೀಟಿ ಅಂದಿನ ನಿಯಮಕ್ಕೆ ಸರಿಯಾಗಿಯೇ ಇತ್ತು. ತನ್ನ ತಂಡದವರು ಬೇಕೆಂದೇ ಕಾಲಲ್ಲಿ ಹಿಂದಕ್ಕೆ ಕೊಟ್ಟ ಚೆಂಡನ್ನು (ಬ್ಯಾಕ್‌ಪಾಸ್) ಗೋಲ್‌ಕೀಪರ್ ಕೈಯಲ್ಲಿ ಹಿಡಿಯುವುದು ತಪ್ಪಾದದ್ದು 1992ರಿಂದ. ಆದರೆ ಸ್ಥಳೀಯ ಟೂರ್ನಿಗಳು ಅವಧಿ, ಬದಲಿ ಆಟಗಾರ, ಟೈ ಬಿಡಿಸುವ ಬಗೆಯನ್ನು ತಮ್ಮ ಪಾಡಿಗೆ ಗೊತ್ತುಮಾಡುತ್ತಿದ್ದವು. ಕರಪತ್ರದ ಹಿಂದೆ ಅಚ್ಚಾದ ನಿಯಮಾವಳಿ ಸಿಕ್ಕರೆ ಅದೇ ಅಂತಿಮ.

"ಕತ್ತಲಲ್ಲಿ ಗೋಲ್ ಕೊಟ್ಟರು" ಎಂಬ ದೂರನ್ನು ಲೆಕ್ಕದಿಂದಲೇ ಪರೀಕ್ಷಿಸಬಹುದು. ದಾವಣಗೆರೆಯಲ್ಲಿ ನವೆಂಬರ್ ಕೊನೆಗೆ ಸೂರ್ಯ ಮುಳುಗುವುದು ಸುಮಾರು 5.55ಕ್ಕೆ, ಜೂನ್‌ನಲ್ಲಿ 6.50ರ ಆಸುಪಾಸು. 4.30ಕ್ಕೆ ಶುರುವಾದ 90 ನಿಮಿಷದ ಆಟ, 10 ನಿಮಿಷದ ವಿರಾಮ ಸೇರಿ, 6.10ಕ್ಕೆ ಮುಗಿಯುತ್ತದೆ. ನವೆಂಬರ್ ಆಗಿದ್ದರೆ ದೂರಿನಲ್ಲಿ ಹುರುಳಿದೆ. ಜೂನ್ ಆಗಿದ್ದರೆ, ಮಳೆ ಮೋಡ ಕವಿದಿರದಿದ್ದರೆ, ಇಲ್ಲ. 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್‌ವರೆಗೆ ಯುದ್ಧಕ್ಕಾಗಿ ಗಡಿಯಾರ ಒಂದು ಗಂಟೆ ಮುಂದಿತ್ತು, ಆ ವರ್ಷಗಳ ಸೂರ್ಯಾಸ್ತದ ಹೊತ್ತಿಗೆ ಒಂದು ಗಂಟೆ ಸೇರಿಸಿಕೊಳ್ಳಿ.

ಚೆಂಡು ಗೆರೆ ದಾಟಿತೋ ಇಲ್ಲವೋ ಎಂಬ ಜಗಳವಾದರೆ ಸಾಕ್ಷಿಯನ್ನು ಮೈದಾನಕ್ಕೇ ಕರೆದುಕೊಂಡು ಹೋಗಿ, "ಎಲ್ಲಿ ನಿಂತಿದ್ದಿರಿ?" ಎಂದು ಕೇಳಿ, ಹೆಜ್ಜೆ ಎಣಿಸಿ ನಕ್ಷೆ ಬರೆಯಿರಿ. ಕಂಬಗಳ ನಡುವೆ 7.32 ಮೀಟರ್, ಎತ್ತರ 2.44. ಚೆಂಡು ಪೂರ್ತಿಯಾಗಿ ಗೆರೆ ದಾಟಬೇಕು, ಚೆಂಡಿನ ಅಡ್ಡಳತೆ ಸುಮಾರು 22 ಸೆಂ.ಮೀ. ಗೋಲ್ ಗೆರೆಯ ನೇರಕ್ಕೆ ನಿಂತವನ ಮಾತಿಗೆ ತೂಕ ಹೆಚ್ಚು, ಮಧ್ಯಗೆರೆಯ ಬಳಿ ಕೂತವನದು ಊಹೆ. ಬಲೆ ಇತ್ತೇ ಎಂಬುದನ್ನೂ ಕೇಳಿ. ಬಲೆಯಿಲ್ಲದಿದ್ದರೆ ಕಂಬದ ಹೊರಗೆ ಹೋದ ಚೆಂಡೂ ಒಳಗೆ ಹೋದಂತೆಯೇ ಕಾಣುತ್ತದೆ. 1966ರ ವಿಶ್ವಕಪ್ ಫೈನಲ್‌ನಲ್ಲಿ ಇಂಗ್ಲೆಂಡಿನ ಜೆಫ್ ಹರ್ಸ್ಟ್ ಹೊಡೆದ ಚೆಂಡು ಗೆರೆ ದಾಟಿತೇ ಎಂಬುದಕ್ಕೆ ಫಿಲ್ಮ್ ಇದ್ದೂ ವಾದ ನಿಂತಿಲ್ಲ.

"ಅದಕ್ಕೇ ಹೀಗಾಯಿತು" ಎಂಬ ಸಾಲಿಗೆ ಇನ್ನೂ ಹೆಚ್ಚು ಅನುಮಾನಪಡಿ. 1950ರ ವಿಶ್ವಕಪ್‌ಗೆ ಭಾರತ ಹೋಗದಿದ್ದದ್ದು ಬರಿಗಾಲಿನ ಕಾರಣಕ್ಕೆ ಎಂದು ಇಡೀ ದೇಶ ನಂಬಿದೆ. ಆಗ ಫುಟ್‌ಬಾಲ್ ಫೆಡರೇಷನ್ ಕೊಟ್ಟ ಕಾರಣ ತಂಡದ ಆಯ್ಕೆಯ ಭಿನ್ನಮತ, ಅಭ್ಯಾಸಕ್ಕೆ ಸಮಯವಿಲ್ಲದ್ದು. ನಿಮ್ಮೂರಿನ "ಜಾತಿ ನೋಡಿ ಕೊಟ್ಟರು", "ಮಿಲ್‌ನವರು ದುಡ್ಡು ಕೊಟ್ಟರು" ಎಂಬ ಮಾತಿಗೂ ಅದೇ ಕಾಲದ ಕಾಗದ ಬೇಕು. ಸಿಗದಿದ್ದರೆ "ಎಂದು ಸೋತ ತಂಡದವರು ಹೇಳುತ್ತಾರೆ" ಎಂದಷ್ಟೇ ಬರೆದು, ಎದುರಿನವರ ಮಾತನ್ನೂ ಪಕ್ಕದಲ್ಲಿಡಿ. ರೆಫ್ರಿಯ ಹೆಸರು ಬೇಡ; ಮಕ್ಕಳು, ಮೊಮ್ಮಕ್ಕಳು ಇದೇ ಊರಲ್ಲಿದ್ದಾರೆ.