ಕವಳದ ಡಬ್ಬಿಯಲ್ಲಿ ನಾಲ್ಕು ಗಾಜಿನ ಪಟ್ಟಿಗಳು

ನನ್ನ ಗಂಟಲಲ್ಲಿ ಗಂಟಿದೆ ಎಂದು ಮೊದಲು ಕಂಡುಹಿಡಿದವರು ನಮ್ಮ ಮದ್ದಳೆಯವರು. 2024ರ ಫೆಬ್ರುವರಿಯಲ್ಲಿ ಶಿರಸಿ ಸಮೀಪದ ಒಂದು ಊರಿನಲ್ಲಿ ಯಕ್ಷಗಾನದ ಆಟವಿತ್ತು. ನಾನು ಹೊಟ್ಟೆಪಾಡಿಗೆ ಅಡಿಕೆ ತೋಟದವನು, ಹುಚ್ಚಿಗೆ ಭಾಗವತ. ಪದ್ಯ ಮುಗಿದು ವೇಷಧಾರಿಯ ಮಾತು ಶುರುವಾದಾಗ ಎರಡು ಗುಟುಕು ನೀರು ಕುಡಿದೆ. ಪಕ್ಕದಲ್ಲಿ ಕುಳಿತವರು ಬಗ್ಗಿ ನೋಡಿ, "ಭಾಗವತರೇ, ನೀವು ನುಂಗುವಾಗ ಗೋಟಡಿಕೆಯಷ್ಟು ದೊಡ್ಡದೊಂದು ಮೇಲೆ ಹೋಗಿ ಕೆಳಗೆ ಬರುತ್ತದಲ್ಲ" ಎಂದರು. ನಿದ್ದೆಗೆಟ್ಟ ಕಣ್ಣಿಗೆ ಹಾಗೆ ಕಂಡಿರಬೇಕು ಎಂದು ನಕ್ಕೆ. ಬೆಳಗ್ಗೆ ಮನೆಯ ಕನ್ನಡಿಯ ಮುಂದೆ ಲೋಟ ಹಿಡಿದು ನಿಂತರೆ ಅದು ನಿಜವೇ ಆಗಿತ್ತು. ಥೈರಾಯಿಡ್ ಗ್ರಂಥಿ ಶ್ವಾಸನಾಳಕ್ಕೆ ಅಂಟಿಕೊಂಡಿರುವುದರಿಂದ ಅದರೊಳಗಿನ ಗಂಟು ನುಂಗಿದಾಗ ಮೇಲೇಳುತ್ತದಂತೆ. ಮುಂದೆ ನಾನು ಕಂಡ ವೈದ್ಯರೆಲ್ಲರೂ ಮಾಡಿಸಿದ ಮೊದಲ ಪರೀಕ್ಷೆಯೂ ಇದೇ: "ನೀರು ಕುಡಿಯಿರಿ, ನೋಡೋಣ."

ನಮ್ಮ ಮನೆಯ ವೈದ್ಯರು ರಕ್ತ ಪರೀಕ್ಷೆ ಮಾಡಿಸಿದರು. ಥೈರಾಯಿಡ್ ಹೇಗೆ ದುಡಿಯುತ್ತಿದೆ ಎಂದು ತೋರಿಸುವ ಟಿಎಸ್‌ಎಚ್ ಸರಿಯಾಗಿತ್ತು. ಸ್ಕ್ಯಾನಿಂಗ್‌ನಲ್ಲಿ ಬಲಭಾಗದಲ್ಲಿ 2.8 ಸೆಂಟಿಮೀಟರ್ ಗಂಟು ಕಂಡಿತು. ಸಣ್ಣ ಸೂಜಿಯಿಂದ ಕಣಗಳನ್ನು ಹೀರಿ ಗಾಜಿನ ಮೇಲೆ ಬಳಿದು ನೋಡುವ ಎಫ್‌ಎನ್‌ಎಸಿ ಪರೀಕ್ಷೆಯೂ ಆಯಿತು. ವರದಿಯ ಕೊನೆಯ ಸಾಲಿನಲ್ಲಿ "ಬೆಥೆಸ್ಡಾ 3" ಎಂದಿತ್ತು. ಬೆಥೆಸ್ಡಾ ಅಮೆರಿಕದ ಒಂದು ಊರು. 2007ರಲ್ಲಿ ಅಲ್ಲಿ ಸೇರಿದ ತಜ್ಞರು ಥೈರಾಯಿಡ್ ಸೂಜಿ ಪರೀಕ್ಷೆಯ ಫಲಿತಾಂಶಗಳನ್ನು ಆರು ವರ್ಗಗಳಾಗಿ ವಿಂಗಡಿಸಿದರು. ಎರಡು ಎಂದರೆ ನಿರಪಾಯ, ಆರು ಎಂದರೆ ಕ್ಯಾನ್ಸರ್. ಒಂದು ಎಂದರೆ ಮಾದರಿಯೇ ಸಾಲದು. ಮೂರು ಎಂದರೆ ಕಣಗಳು ಸ್ವಲ್ಪ ವಿಚಿತ್ರವಾಗಿವೆ, ಏನೆಂದು ಹೇಳಲಾಗದು. ಈ ವರ್ಗದ ಹೆಚ್ಚಿನ ಗಂಟುಗಳು ಕ್ಯಾನ್ಸರ್ ಆಗಿರುವುದಿಲ್ಲ. ಇದನ್ನೆಲ್ಲ ನಾನು ತಿಳಿದದ್ದು ಬಹಳ ತಡವಾಗಿ. ಆ ದಿನ ಕಣ್ಣಿಗೆ ಬಿದ್ದದ್ದು ಮೂರು ಎಂಬ ಅಂಕಿ ಮಾತ್ರ, ಅದು ಮೂರನೆಯ ಹಂತದ ಕ್ಯಾನ್ಸರ್ ಎಂದುಕೊಂಡು ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ.

ಘಟ್ಟದ ಮೇಲಿನ ಒಂದು ನಗರದ ಶಸ್ತ್ರಚಿಕಿತ್ಸಕರು ವರದಿ ನೋಡಿ, "ಇಡೀ ಗ್ರಂಥಿ ತೆಗೆದುಬಿಡೋಣ. ಮತ್ತೆ ಮತ್ತೆ ಪರೀಕ್ಷೆ ಮಾಡಿಸುವ ರಗಳೆ ಇರುವುದಿಲ್ಲ. ದಿನಕ್ಕೊಂದು ಮಾತ್ರೆ ನುಂಗಿದರಾಯಿತು" ಎಂದರು. ಮಾರಿಕಾಂಬಾ ಜಾತ್ರೆ ಮುಗಿದ ಮರುವಾರಕ್ಕೆ ದಿನವನ್ನೂ ಕೊಟ್ಟರು. ಧ್ವನಿಗೆ ಏನಾದರೂ ಆಗುತ್ತದೆಯೇ ಎಂದು ಕೇಳಿದೆ. "ಸಾಮಾನ್ಯವಾಗಿ ಏನೂ ಆಗುವುದಿಲ್ಲ." ಆ "ಸಾಮಾನ್ಯವಾಗಿ" ಎಂಬ ಮಾತು ಬಸ್ಸಿನಲ್ಲಿ ಶಿರಸಿಯವರೆಗೂ ನನ್ನ ಪಕ್ಕದ ಸೀಟಿನಲ್ಲಿಯೇ ಕುಳಿತು ಬಂತು. ಅವರನ್ನು ದೂರುವುದಿಲ್ಲ. ಭಾಗವತಿಕೆ ಮಾಡುವವನು ಎಂದು ನಾನು ಹೇಳಲೇ ಇಲ್ಲ. ಪಂಚೆ ಉಟ್ಟು ಬಂದ ತೋಟದವನನ್ನು "ಹಾಡುತ್ತೀರಾ" ಎಂದು ಅವರು ಏಕೆ ಕೇಳಿಯಾರು?

ಮನೆಯಲ್ಲಿ ಅಭಿಪ್ರಾಯಗಳಿಗೆ ಕೊರತೆಯಿರಲಿಲ್ಲ. ಭಾವನಿಗೆ ಬೆಂಗಳೂರೇ ಆಗಬೇಕು, ಅತ್ತಿಗೆಗೆ ನಾಟಿ ಔಷಧ. ಆಯಿ ಮಾತ್ರ ಏನೂ ಹೇಳದೆ ಮಾರಿಯಮ್ಮನಿಗೆ ಹರಕೆ ಹೊತ್ತಳು. ನಮ್ಮ ಜಿಲ್ಲೆಯಲ್ಲಿ ತಜ್ಞರನ್ನು ಆರಿಸಿಕೊಡುವುದು ಬಸ್ಸು ಮತ್ತು ನೆಂಟರ ಮನೆ. ಕಾರವಾರದವರು ಗೋವಾಕ್ಕೆ, ಭಟ್ಕಳ ಹೊನ್ನಾವರದವರು ಮಣಿಪಾಲಕ್ಕೆ, ಘಟ್ಟದ ಮೇಲಿನ ನಾವು ಹುಬ್ಬಳ್ಳಿಗೆ. ಕಾಯಿಲೆ ಯಾವುದಾದರೂ ದಾರಿ ಅದೇ. ಕಾರವಾರದಲ್ಲಿ 2016ರಲ್ಲಿ ವೈದ್ಯಕೀಯ ಕಾಲೇಜು ಬಂದ ಮೇಲೂ ದೊಡ್ಡ ಕಾಯಿಲೆಗೆ ಜಿಲ್ಲೆ ದಾಟುವುದು ತಪ್ಪಿಲ್ಲ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ನಲ್ಲಿ ಮಗುಚಿ ನಾಲ್ವರು ಸತ್ತಾಗ ಇಡೀ ಜಿಲ್ಲೆ ಆಸ್ಪತ್ರೆಗಾಗಿ ಕೂಗಿತು. ತುರ್ತಿದ್ದವರಿಗೆ ಹತ್ತಿರದ್ದೇ ಗತಿ, ಅದು ಸರಿ. ಆದರೆ ನನ್ನ ಗಂಟಿಗೆ ತುರ್ತಿರಲಿಲ್ಲ. ಇದು ಹೊಳೆಯಲು ನನಗೆ ತಿಂಗಳು ಹಿಡಿಯಿತು.

ಶಸ್ತ್ರಚಿಕಿತ್ಸೆಯ ದಿನವನ್ನು ಮುಂದೂಡಿ ಏಪ್ರಿಲ್‌ನಲ್ಲಿ ಮತ್ತೊಂದು ಊರಿನ ಇನ್ನೊಬ್ಬ ಶಸ್ತ್ರಚಿಕಿತ್ಸಕರ ಬಳಿ ಹೋದೆ. ಫೈಲು ತೆರೆದರು, ಅದೇ ವರದಿಯ ಅದೇ ಕೊನೆಯ ಸಾಲು ಓದಿದರು, ಅದೇ ಸಲಹೆ ಕೊಟ್ಟರು. ಐದು ನಿಮಿಷದಲ್ಲಿ ಹೊರಗೆ ಬಂದೆ. ಇಬ್ಬರು ಹೇಳಿದ ಮೇಲೆ ಸರಿಯೇ ಇರಬೇಕು ಎಂದು ಮನೆಯವರೆಲ್ಲ ನಿಟ್ಟುಸಿರು ಬಿಟ್ಟರು. ನನಗೆ ಮಾತ್ರ ಅದು ಎರಡನೆಯ ಅಭಿಪ್ರಾಯ ಎನಿಸಲಿಲ್ಲ, ಮೊದಲನೆಯದರ ಜೆರಾಕ್ಸ್ ಎನಿಸಿತು. ಅದೇ ಕಾಗದವನ್ನು ಕೊಟ್ಟು ಅದೇ ಬಗೆಯ ತಜ್ಞರನ್ನು ಕೇಳಿದರೆ ಬೇರೆ ಉತ್ತರ ಎಲ್ಲಿಂದ ಬಂದೀತು?

ಗಂಟು ಬಿಡಿಸಿದವಳು ತಂಗಿಯ ಮಗಳು. ಬೆಂಗಳೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದಾಳೆ. ಫೋನಿನಲ್ಲಿ ಎಲ್ಲವನ್ನೂ ಕೇಳಿ, "ಮಾವ, ಕಾಗದ ಯಾಕೆ ಹೊತ್ತು ತಿರುಗುತ್ತೀಯ? ಗಾಜು ತೆಗೆದುಕೊಂಡು ಹೋಗು" ಎಂದಳು. ಕಣಗಳನ್ನು ಬಳಿದ ಸ್ಲೈಡುಗಳು ಲ್ಯಾಬಿನಲ್ಲಿಯೇ ಇರುತ್ತವೆ, ಅವನ್ನು ಇನ್ನೊಬ್ಬ ಪೆಥಾಲಜಿಸ್ಟ್ ಸೂಕ್ಷ್ಮದರ್ಶಕದಲ್ಲಿ ಮತ್ತೆ ನೋಡಬಹುದು. ಮೂರನೆಯ ವರ್ಗದಲ್ಲಂತೂ ಒಬ್ಬರ ಕಣ್ಣಿಗೂ ಇನ್ನೊಬ್ಬರ ಕಣ್ಣಿಗೂ ವ್ಯತ್ಯಾಸ ಬರುವುದು ಹೆಚ್ಚಂತೆ. ಆಕೆ ಇನ್ನೊಂದು ಮಾತನ್ನೂ ಹೇಳಿದಳು: "ಕೊಯ್ಯುವವರ ಹತ್ತಿರ ಹೋಗುವ ಮೊದಲು ಕೊಯ್ಯದವರನ್ನು ಕೇಳು." ಹಾರ್ಮೋನು ಗ್ರಂಥಿಗಳ ತಜ್ಞರನ್ನು, ಅಂದರೆ ಎಂಡೋಕ್ರೈನಾಲಜಿಸ್ಟರನ್ನು ಕಾಣು ಎಂದು ಅದರ ಅರ್ಥ. ಅವರು ಡಿಎಂ ಪದವಿಯವರು, ಕತ್ತಿ ಹಿಡಿಯುವುದಿಲ್ಲ. ಹೆಸರಿನ ಮುಂದೆ ಎಂಸಿಎಚ್ ಎಂದಿದ್ದರೆ ಶಸ್ತ್ರಚಿಕಿತ್ಸೆಯ ಕಡೆಯ ಉನ್ನತ ಪದವಿ. ಇಷ್ಟು ವರ್ಷ ಆಸ್ಪತ್ರೆಗಳ ಫಲಕ ಓದಿದ್ದರೂ ಈ ವ್ಯತ್ಯಾಸ ನನಗೆ ಗೊತ್ತಿರಲಿಲ್ಲ.

ಲ್ಯಾಬಿಗೆ ಹೋಗಿ ಸ್ಲೈಡ್ ಕೇಳಿದಾಗ ಕೌಂಟರಿನ ಹುಡುಗಿ ನನ್ನನ್ನೇ ನೋಡಿದಳು. ಹತ್ತು ದಿನ ಕಾದ ಮೇಲೆ ಔಷಧಿ ತಪ್ಪಾಗಿದೆ ಎಂದು ಜಗಳಕ್ಕೆ ಬಂದವರನ್ನು ನೋಡುವ ಹಾಗೆ. ಒಳಗೆ ಹೋಗಿ ಬಂದು, ವೈದ್ಯರ ಚೀಟಿ ಬೇಕು ಎಂದಳು. ನಮ್ಮ ಮನೆಯ ವೈದ್ಯರಿಂದ ಚೀಟಿ ತಂದೆ. ಮುಂಗಡವಾಗಿ ಇಷ್ಟು ಹಣ, ಹಿಂದಿರುಗಿಸುತ್ತೇನೆ ಎಂದು ಬರೆದು ಒಂದು ಸಹಿ. ರಿಜಿಸ್ಟರಿನಲ್ಲಿ ಹೊಸ ಹಾಳೆ ತೆಗೆದು, ಗೆರೆ ಎಳೆದು, ನನ್ನ ಹೆಸರು ಬರೆದಳು. ಸೂಜಿ ಪರೀಕ್ಷೆಯ ಸ್ಲೈಡ್ ಒಡೆದರೆ ಮತ್ತೆ ಸಿಗುವುದಿಲ್ಲ ಎಂದು ತಂಗಿಯ ಮಗಳು ಹೆದರಿಸಿದ್ದಳು. ಬಯಾಪ್ಸಿಯ ತುಂಡಾದರೆ ಮೇಣದಲ್ಲಿ ಹುದುಗಿಸಿಟ್ಟಿರುತ್ತಾರೆ, ಬೇಕಾದಾಗ ಹೊಸದಾಗಿ ಸೀಳಬಹುದು. ಇದಕ್ಕೆ ಆ ಅನುಕೂಲವಿಲ್ಲ. ಹಾಗಾಗಿ ಎಲೆಯಡಿಕೆ ಇಡುವ ಕವಳದ ಡಬ್ಬಿಯನ್ನು ತೊಳೆದು ಒಣಗಿಸಿ, ಹತ್ತಿಯ ನಡುವೆ ನಾಲ್ಕು ಗಾಜಿನ ಪಟ್ಟಿಗಳನ್ನು ಮಲಗಿಸಿದೆ. ಅಷ್ಟು ಜೋಪಾನವಾಗಿ ನಾನು ಸುಲಿದ ಅಡಿಕೆಯನ್ನೂ ಒಯ್ದವನಲ್ಲ.

ಹಕ್ಕಿನ ಮಾತು ಬಂದಾಗ ದನಿ ಏರಿಸುವ ಸ್ವಭಾವ ನನ್ನದಲ್ಲ. ಆದರೂ ಮಗ ಹುಡುಕಿಕೊಟ್ಟ ಎರಡು ಸಂಗತಿ ಜೇಬಿನಲ್ಲಿದ್ದವು. ಆಸ್ಪತ್ರೆಯಲ್ಲಿ ಮಲಗಿ ಚಿಕಿತ್ಸೆ ಪಡೆದವರು ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯರ ನಡತೆಯ ಕುರಿತ 2002ರ ನಿಯಮ ಹೇಳುತ್ತದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಎರಡನೆಯ ಅಭಿಪ್ರಾಯ ಪಡೆಯುವುದೂ ಒಂದು ಹಕ್ಕು. ಅವನ್ನು ಹೊರಗೆ ತೆಗೆಯುವ ಪ್ರಸಂಗ ಬರಲಿಲ್ಲ. ಚೀಟಿ ಮತ್ತು ಮೆತ್ತನೆಯ ಮಾತು ಸಾಕಾಯಿತು.

ಕುಮಟಾಕ್ಕೆ ಇಳಿದು ರೈಲು ಹತ್ತಿ ಮಂಗಳೂರಿನ ಒಂದು ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋದೆ. ಶಿರಸಿಯಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರ್, ಮಂಗಳೂರಿಗೆ ಅದರ ಎರಡೂವರೆ ಪಟ್ಟು. ಆದರೂ ಅದನ್ನೇ ಆರಿಸಿದ್ದು ಹಾರ್ಮೋನು ತಜ್ಞರು, ಪೆಥಾಲಜಿ ವಿಭಾಗ, ಥೈರಾಯಿಡ್ ಶಸ್ತ್ರಚಿಕಿತ್ಸಕರು ಮೂವರೂ ಒಂದೇ ಸೂರಿನಡಿ ಇದ್ದಾರೆ ಎಂಬ ಕಾರಣಕ್ಕೆ. ನನ್ನ ಯಶಸ್ವಿನಿ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿದ್ದೆ. ಪದ್ಯದ ಪುಸ್ತಕದ ಹಿಂದಿನ ಹಾಳೆಯಲ್ಲಿ ನಾಲ್ಕು ಪ್ರಶ್ನೆ ಬರೆದುಕೊಂಡಿದ್ದೆ. ಏನೂ ಮಾಡದೆ ಬಿಟ್ಟರೆ ಏನಾಗುತ್ತದೆ? ಮಳೆಗಾಲದವರೆಗೆ ಕಾಯಬಹುದೇ? ಇಡೀ ಗ್ರಂಥಿಯೇ ಏಕೆ, ಅರ್ಧ ಸಾಲದೇ? ಹಾಡಬಹುದೇ? ಕೊನೆಯದನ್ನು ಎರಡು ಸಲ ಗೆರೆ ಎಳೆದು ಬರೆದಿದ್ದೆ.

ಹಾರ್ಮೋನು ತಜ್ಞರ ಮುಂದೆ ಮೊದಲು ಹೇಳಿದ ವಾಕ್ಯವೇ "ನಾನು ಯಕ್ಷಗಾನದ ಭಾಗವತ, ಕಪ್ಪು ಎರಡರಲ್ಲಿ ಹಾಡುತ್ತೇನೆ." ಕಪ್ಪು ಎರಡು ಎಂದರೆ ಹಾರ್ಮೋನಿಯಂನ ಎರಡನೆಯ ಕಪ್ಪು ಮನೆಯ ಶ್ರುತಿ ಎಂದು ಅವರಿಗೆ ಗೊತ್ತಿರಲಿಲ್ಲ, ಆದರೆ ಪೆನ್ನು ಕೆಳಗಿಟ್ಟರು. ಅಲ್ಲಿಂದ ಮಾತುಕತೆಯ ಜಾಡೇ ಬದಲಾಯಿತು. ಸ್ಲೈಡುಗಳನ್ನು ಪೆಥಾಲಜಿಗೆ ಕಳುಹಿಸಿದರು. ಮೂರನೆಯ ದಿನ ಬಂದ ಉತ್ತರ ಚಿಕ್ಕದು: ಎರಡು ಪಟ್ಟಿಗಳಲ್ಲಿ ಬರೀ ರಕ್ತ, ಉಳಿದೆರಡರಲ್ಲಿ ಕಣಗಳು ಕಡಿಮೆ, ಸ್ಕ್ಯಾನ್ ನೋಡುತ್ತ ಮತ್ತೊಮ್ಮೆ ಸೂಜಿ ಹಾಕುವುದು ಒಳ್ಳೆಯದು. ಮೊದಲ ಸಲ ಕೈಯಿಂದ ಮುಟ್ಟಿ ಅಂದಾಜಿನಲ್ಲಿ ಚುಚ್ಚಿದ್ದರು. ಮೂರನೆಯ ವರ್ಗಕ್ಕೆ ಸಾಮಾನ್ಯವಾಗಿ ಮೊದಲ ಹೆಜ್ಜೆ ಪರೀಕ್ಷೆಯನ್ನು ಮತ್ತೆ ಮಾಡುವುದೇ ಎಂದೂ ತಿಳಿಯಿತು.

ಇಲ್ಲಿಗೆ ಕತೆ ಮುಗಿದು ಗಂಟು ಮಾಯವಾಗಿದ್ದರೆ ಚೆನ್ನಾಗಿತ್ತು. ಮೇ ತಿಂಗಳಲ್ಲಿ ಮಾಡಿದ ಎರಡನೆಯ ಸೂಜಿ ಪರೀಕ್ಷೆ ಮೂರರ ಬದಲು ನಾಲ್ಕು ಎಂದಿತು. ಎರಡನೆಯ ಅಭಿಪ್ರಾಯ ಎಂದರೆ ಶಸ್ತ್ರಚಿಕಿತ್ಸೆ ಬೇಡ ಎನ್ನುವ ಪುಣ್ಯಾತ್ಮರನ್ನು ಹುಡುಕುವುದು ಎಂದು ನಾನೂ ಒಳಗೊಳಗೇ ನಂಬಿದ್ದೆ, ಸುಳ್ಳಾಯಿತು. ನಾಲ್ಕನೆಯ ವರ್ಗದಲ್ಲಿ ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಸೂಜಿಯಿಂದ ಹೇಳಲು ಸಾಧ್ಯವೇ ಇಲ್ಲವಂತೆ. ಶಸ್ತ್ರಚಿಕಿತ್ಸಕಿ ನನಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿದರು: "ತೋಟದ ಒಳಗಿನ ಗಿಡ ಎರಡರಲ್ಲೂ ಒಂದೇ ಥರ ಕಾಣುತ್ತದೆ. ಬೇಲಿ, ಅಂದರೆ ಗಂಟಿನ ಸುತ್ತಲಿನ ಪೊರೆ, ದಾಟಿದೆಯೇ ಎಂಬುದೇ ಪ್ರಶ್ನೆ. ಸೂಜಿಗೆ ನಾಲ್ಕು ಎಲೆ ಸಿಗುತ್ತದೆ, ಬೇಲಿ ಸಿಗುವುದಿಲ್ಲ. ಬೇಲಿ ನೋಡಲು ಇಡೀ ಗಂಟು ಬೇಕು." ಆದ್ದರಿಂದ ಬಲಭಾಗ ಮಾತ್ರ ತೆಗೆದು, ಪರೀಕ್ಷಿಸಿ, ಬೇಕಿದ್ದರೆ ಮಾತ್ರ ಉಳಿದರ್ಧ. ಇಡೀ ಗ್ರಂಥಿ ತೆಗೆದರೆ ಜೀವಮಾನವಿಡೀ ಮಾತ್ರೆ, ಎರಡೂ ಬದಿಯ ನರಗಳಿಗೆ ಅಪಾಯ, ಕ್ಯಾಲ್ಸಿಯಂ ನೋಡಿಕೊಳ್ಳುವ ನಾಲ್ಕು ಪುಟ್ಟ ಗ್ರಂಥಿಗಳಿಗೂ ಅಪಾಯ. ಅರ್ಧವಾದರೆ ಎಲ್ಲವೂ ಅರ್ಧ.

ನರದ ವಿಷಯವನ್ನು ಆಕೆ ಬಿಡಿಸಿ ಹೇಳಿದ್ದರಿಂದಲೇ ಆಕೆಯನ್ನು ಒಪ್ಪಿಕೊಂಡೆ ಎನ್ನಬೇಕು. ಧ್ವನಿತಂತುಗಳನ್ನು ಆಡಿಸುವ ದೊಡ್ಡ ನರಕ್ಕೆ ಪೆಟ್ಟಾದರೆ ದನಿ ಒಡೆಯುತ್ತದೆ, ಅದು ಎಲ್ಲರಿಗೂ ಗೊತ್ತಾಗುತ್ತದೆ. ಗ್ರಂಥಿಯ ಮೇಲ್ತುದಿಯ ಬಳಿ ಇನ್ನೊಂದು ಸಣ್ಣ ನರ ಹಾಯುತ್ತದೆ, ತಂತುಗಳನ್ನು ಬಿಗಿ ಮಾಡುವ ಸ್ನಾಯುವಿಗೆ. ಅದಕ್ಕೆ ಪೆಟ್ಟಾದರೆ ಮಾತು ಸರಿಯಾಗಿಯೇ ಇರುತ್ತದೆ, ಏರು ಸ್ವರ ಮಾತ್ರ ಸಿಗುವುದಿಲ್ಲ. ಅಡಿಕೆ ವ್ಯಾಪಾರಿಗೆ ಅದು ಗೊತ್ತೇ ಆಗಲಿಕ್ಕಿಲ್ಲ. ಭಾಗವತನಿಗೆ ಅದೇ ಬದುಕು. "ಸಾಮಾನ್ಯವಾಗಿ ಏನೂ ಆಗುವುದಿಲ್ಲ" ಎಂಬ ಮಾತಿನೊಳಗೆ ಇಷ್ಟೆಲ್ಲ ಮಡಚಿ ಇಟ್ಟಿತ್ತು.

ವರ್ಷಕ್ಕೆ ಎಷ್ಟು ಥೈರಾಯಿಡ್ ಮಾಡುತ್ತೀರಿ ಎಂದು ಕೇಳಲು ನಾಲಿಗೆ ತಡವರಿಸಿತು. ಮದುವೆ ಗಂಡಿನ ಸಂಬಳ ಕೇಳಿದ ಹಾಗೆ. ಕೇಳು ಎಂದು ಧೈರ್ಯ ಕೊಟ್ಟವರು ಹಾರ್ಮೋನು ತಜ್ಞರು. ಇಡೀ ಥೈರಾಯಿಡ್ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ವರ್ಷಕ್ಕೆ 25ಕ್ಕಿಂತ ಹೆಚ್ಚು ಮಾಡುವವರಲ್ಲಿ ತೊಂದರೆಗಳು ಕಡಿಮೆ ಎಂದು ಅಮೆರಿಕದ ಒಂದು ಅಧ್ಯಯನ ಕಂಡುಕೊಂಡಿದೆ ಎಂದು ಅವರೇ ಹೇಳಿದ್ದರು. ಶಸ್ತ್ರಚಿಕಿತ್ಸಕಿ ಬೇಸರಪಡಲಿಲ್ಲ. "ವಾರಕ್ಕೆ ಎರಡು ಮೂರು" ಎಂದರು. ಮೊದಲೇ ಕಿವಿ ಮೂಗು ಗಂಟಲಿನ ವಿಭಾಗದಲ್ಲಿ ಧ್ವನಿತಂತು ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದರು. ಈಗ ಹೇಗಿದೆ ಎಂದು ಗೊತ್ತಿದ್ದರೆ ತಾನೇ ಮುಂದೆ ಏನಾಯಿತು ಎಂದು ತಿಳಿಯುವುದು! ಆ ವಿಭಾಗದ ತರುಣ ವೈದ್ಯರು ಗಂಟಲೊಳಗೆ ನಳಿಕೆ ಇಳಿಸಿ ನೋಡಿ, ತಂತುಗಳು ಚೆನ್ನಾಗಿವೆ, ಕವಳ ಮಾತ್ರ ಬಿಡಿ ಎಂದರು. ಡಬ್ಬಿಯಲ್ಲಿ ಸ್ಲೈಡ್ ಇಟ್ಟುಕೊಂಡು ಬಂದವನು ಏನು ವಾದ ಮಾಡಲಿ?

ಮಳೆಗಾಲಕ್ಕೆ ದಿನ ನಿಗದಿಯಾಯಿತು. ಮೇಳಗಳ ತಿರುಗಾಟ ಮುಗಿದಿರುತ್ತದೆ, ತೋಟಕ್ಕೆ ಮೊದಲ ಸುತ್ತು ಬೋರ್ಡೋ ಹೊಡೆದಾಗಿರುತ್ತದೆ. ಆದರೆ ಅದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದ ಜುಲೈ. ದೇವಿಮನೆ ಘಟ್ಟವನ್ನು ನಂಬದೆ ಎರಡು ದಿನ ಮೊದಲೇ ಹೊರಟು, ಸಿದ್ದಾಪುರ, ಮಾವಿನಗುಂಡಿ, ಗೇರುಸೊಪ್ಪೆಯ ದಾರಿಯಲ್ಲಿ ಹೊನ್ನಾವರಕ್ಕೆ ಇಳಿದು ರೈಲು ಹಿಡಿದೆವು. ಹೆಂಡತಿ ದಾರಿಯುದ್ದಕ್ಕೂ ಒಂದೇ ಮಾತು: "ಹುಬ್ಬಳ್ಳಿಯಾಗಿದ್ದರೆ ಇಷ್ಟು ಹೊತ್ತಿಗೆ ಮುಟ್ಟುತ್ತಿದ್ದೆವು." ಅದಂತೂ ನಿಜ.

ಶಸ್ತ್ರಚಿಕಿತ್ಸೆಯ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ, ನಿದ್ದೆಯಲ್ಲಿದ್ದೆ. ಎಚ್ಚರವಾದಾಗ "ಏನಾದರೂ ಮಾತಾಡಿ" ಎಂದರು. "ಗಜಮುಖದವಗೆ" ಎಂದು ಶುರು ಮಾಡಿದೆ. ನರ್ಸ್ ನಗುತ್ತ ತಡೆದರು. ಹತ್ತು ದಿನಕ್ಕೆ ಬಯಾಪ್ಸಿ ವರದಿ ಬಂತು. ಬೇಲಿ ಗಟ್ಟಿಯಾಗಿತ್ತು, ಎಲ್ಲಿಯೂ ದಾಟಿರಲಿಲ್ಲ. ಉಳಿದರ್ಧ ಗ್ರಂಥಿ ತನ್ನ ಪಾಡಿಗೆ ದುಡಿಯುತ್ತಿದೆ, ಆಗಾಗ ಟಿಎಸ್‌ಎಚ್ ನೋಡಿಸಬೇಕು. ಮಾತ್ರೆ ಇನ್ನೂ ಬಂದಿಲ್ಲ. ಮೂರು ತಿಂಗಳು ಏರು ಪದ್ಯಗಳಲ್ಲಿ ಗಂಟಲು ಬೇಗ ಸೋಲುತ್ತಿತ್ತು. ಈಗ ಬಿಳಿ ಎರಡರಲ್ಲಿ ಹಾಡುತ್ತೇನೆ, ಅರ್ಧ ಮನೆ ಕೆಳಗೆ. ಅದು ಕತ್ತಿಯಿಂದಲೋ ವಯಸ್ಸಿನಿಂದಲೋ ಎಂಬುದರ ಬಗ್ಗೆ ಮದ್ದಳೆಯವರಿಗೂ ನನಗೂ ಇನ್ನೂ ಚರ್ಚೆ ಇದೆ.

ಮೊದಲು ದಿನ ಕೊಟ್ಟಿದ್ದ ಶಸ್ತ್ರಚಿಕಿತ್ಸಕರಿಗೆ ಹೇಳದೆ ಬಂದೆನಲ್ಲ ಎಂಬ ಅಳುಕು ಉಳಿದಿತ್ತು. ವರದಿಯ ಪ್ರತಿಯೊಂದನ್ನು ಅವರ ಆಸ್ಪತ್ರೆಯ ವಿಳಾಸಕ್ಕೆ ಅಂಚೆಯಲ್ಲಿ ಕಳುಹಿಸಿದೆ. ಉತ್ತರ ಬರಲಿಲ್ಲ.

ಸೆಪ್ಟೆಂಬರ್‌ನಲ್ಲಿ ಸ್ಲೈಡುಗಳನ್ನು ಹಿಂದಿರುಗಿಸಲು ಲ್ಯಾಬಿಗೆ ಹೋದೆ. ನಾಲ್ಕೂ ಸರಿಯಾಗಿವೆಯೇ ಎಂದು ಬೆಳಕಿಗೆ ಹಿಡಿದು ನೋಡಿದ ಹುಡುಗಿ ರಿಜಿಸ್ಟರ್ ತೆರೆದು ಸಹಿಗೆ ಕೊಟ್ಟಳು. ಐದು ತಿಂಗಳ ಹಿಂದೆ ಗೆರೆ ಎಳೆದ ಹಾಳೆ. ನನ್ನ ಹೆಸರಿನ ಕೆಳಗೆ ಇನ್ನೂ ಖಾಲಿಯಾಗಿತ್ತು.