ಎಸ್‌ಎಸ್‌ಎಲ್‌ಸಿ ಆಯಿತು, ಪಾಲಿಟೆಕ್ನಿಕ್ ಸೇರುವುದು ಹೇಗೆ?

ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿರುವ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ (ಎಲ್ಲರ ಬಾಯಲ್ಲೂ ಎಸ್‌ಜೆಪಿ) ಮೈಸೂರು ಅರಸರ ಕಾಲದಲ್ಲಿ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಎಂಬ ಹೆಸರಿನಲ್ಲಿ ಶುರುವಾಯಿತು. ಹೆಸರೇ ಹೇಳುವಂತೆ ಕಸುಬು ಕಲಿಸಲಿಕ್ಕೆಂದೇ ಕಟ್ಟಿದ ಶಾಲೆ. ಸಿನಿಮಾ ಛಾಯಾಗ್ರಹಣವನ್ನೂ ಒಂದು ಕಸುಬಾಗಿ ಅಲ್ಲಿ ಕಲಿಸುತ್ತಿದ್ದರು. ಮುಂದೆ ಫಾಲ್ಕೆ ಪ್ರಶಸ್ತಿ ಪಡೆದ ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿ 1946ರಲ್ಲಿ ಅಲ್ಲಿಂದಲೇ ಡಿಪ್ಲೊಮಾ ಪಡೆದರು. ಹಿಂದಿ ಚಿತ್ರ ನಿರ್ದೇಶಕ ಗೋವಿಂದ ನಿಹಲಾನಿ 1962ರಲ್ಲಿ. ಆ ಕೋರ್ಸ್ ಈಗ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟಿ.ವಿ. ಸಂಸ್ಥೆಯಲ್ಲಿದೆ, ಧ್ವನಿಗ್ರಹಣವನ್ನೂ ಅಲ್ಲೇ ಕಲಿಸುತ್ತಾರೆ. ಎಸ್‌ಎಸ್‌ಎಲ್‌ಸಿ ಮುಗಿಸಿದವರಲ್ಲಿ ಇಂಥದ್ದೊಂದು ದಾರಿ ಇದೆ ಎಂದು ಗೊತ್ತಿರುವವರು ಕಡಿಮೆ.

ಮೊದಲು ಶಾಖೆ, ಆಮೇಲೆ ಕಾಲೇಜು

ಡಿಪ್ಲೊಮಾ ಮೂರು ವರ್ಷ, ಆರು ಸೆಮಿಸ್ಟರ್. ಎಲ್ಲರೂ ಕಂಪ್ಯೂಟರ್ ಸೈನ್ಸ್‌ಗೇ ಮುಗಿಬೀಳುವುದರಿಂದ ಅಲ್ಲಿ ಕಟ್‌ಆಫ್ (ಸೀಟು ಸಿಗಲು ಬೇಕಾದ ಕನಿಷ್ಠ ಅಂಕ) ಏರುತ್ತದೆ. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಹೆಚ್ಚಿನ ಸರ್ಕಾರಿ ಪಾಲಿಟೆಕ್ನಿಕ್‌ಗಳಲ್ಲಿವೆ. ಆದರೆ ಕೆಲವು ಶಾಖೆಗಳು ಬೆರಳೆಣಿಕೆಯ ಕಡೆ ಮಾತ್ರ: ಮಂಗಳೂರು ಕದ್ರಿಯ ಕೆಪಿಟಿಯಲ್ಲಿ (ಕರ್ನಾಟಕ ಪಾಲಿಟೆಕ್ನಿಕ್, 1946ರ ಸಂಸ್ಥೆ) ಪಾಲಿಮರ್ ಟೆಕ್ನಾಲಜಿ, ಕೆಜಿಎಫ್‌ನ ಸ್ಕೂಲ್ ಆಫ್ ಮೈನ್ಸ್‌ನಲ್ಲಿ ಗಣಿಗಾರಿಕೆ. ಕೋಲಾರದ ಚಿನ್ನದ ಗಣಿ 2001ರಲ್ಲೇ ಮುಚ್ಚಿತು, ನಿಜ. ಆದರೆ ಮೈನಿಂಗ್ ಡಿಪ್ಲೊಮಾ ಇದ್ದವರಿಗೆ ಬೇರೆ ಗಣಿಗಳಿವೆ. ಊರು ಬಿಡಲು ಒಪ್ಪುವವರು ಇಂಥ ಶಾಖೆಗಳನ್ನು ಪಟ್ಟಿಯಿಂದ ಕೈಬಿಡಬಾರದು.

ಫಲಿತಾಂಶಕ್ಕೂ ಮೊದಲೇ ಕಾಗದಪತ್ರ

ಸೀಟು ಕೈತಪ್ಪುವುದು ಅಂಕ ಕಡಿಮೆಯಾದದ್ದಕ್ಕಷ್ಟೇ ಅಲ್ಲ, ಹೆಸರಿನ ಗೊಂದಲಕ್ಕೂ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ 'ಮಂಜುನಾಥ ಕೆ', ಆಧಾರ್‌ನಲ್ಲಿ 'ಕೆ. ಮಂಜುನಾಥ್', ಜಾತಿ ಪ್ರಮಾಣಪತ್ರದಲ್ಲಿ ಇನಿಷಿಯಲ್ ಇಲ್ಲದ 'ಮಂಜುನಾಥ' ಎಂದಿದ್ದರೆ ಪರಿಶೀಲನೆಯ ಟೇಬಲ್ ಮುಂದೆ ಕೂತವರು ಮೂವರು ಬೇರೆ ಬೇರೆ ಎಂದೇ ನೋಡುತ್ತಾರೆ. ಅಂಕಪಟ್ಟಿಯ ಹೆಸರನ್ನು ಮೂಲ ಎಂದಿಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸಿ. ತಂದೆಯ ಹೆಸರನ್ನೂ ಹೀಗೇ ತಾಳೆ ನೋಡಿ.

ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯದ್ದು. ಅದರಲ್ಲಿ 'ಆರ್‌ಡಿ' ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ಅರ್ಜಿಯಲ್ಲಿ ಒಂದು ಅಂಕಿ ತಪ್ಪಿದರೂ ಮೀಸಲಾತಿ ದಾಖಲಾಗುವುದಿಲ್ಲ. ಆದಾಯ ಪತ್ರದ ಅವಧಿ ಮುಗಿದಿದ್ದರೆ ಹೊಸದಕ್ಕೆ ಈಗಲೇ ಅರ್ಜಿ ಹಾಕಿ.

ಗ್ರಾಮೀಣ ಮೀಸಲಾತಿಗೆ 1ರಿಂದ 10ನೇ ತರಗತಿವರೆಗೆ ಹಳ್ಳಿ ಶಾಲೆಯಲ್ಲೇ ಓದಿರಬೇಕು. ಕನ್ನಡ ಮಾಧ್ಯಮದ್ದಕ್ಕೆ ಅಷ್ಟೂ ವರ್ಷ ಕನ್ನಡದಲ್ಲಿ. ಎರಡು ಶಾಲೆಯಲ್ಲಿ ಓದಿದ್ದರೆ ಎರಡೂ ಕಡೆಯಿಂದ ವ್ಯಾಸಂಗ ಪ್ರಮಾಣಪತ್ರ ಬೇಕು. ಮುಖ್ಯೋಪಾಧ್ಯಾಯರ ಸಹಿ ಸಾಲದು, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿಯೂ ಇರಬೇಕು. ಬೇಸಿಗೆ ರಜೆಯಲ್ಲಿ ಶಾಲೆಗೆ ಬೀಗ, ಹಾಗಾಗಿ ಪರೀಕ್ಷೆ ಮುಗಿದ ವಾರವೇ ಈ ಕೆಲಸ ಮುಗಿಸಿ. ಸಾಮಾನ್ಯ ವರ್ಗದವರು ಗ್ರಾಮೀಣ ಮೀಸಲಾತಿ ಕೇಳಿದರೆ ಕೆನೆಪದರಕ್ಕೆ (ಹೆಚ್ಚು ಆದಾಯದ ವರ್ಗಕ್ಕೆ) ಸೇರಿಲ್ಲ ಎಂಬ ತಹಶೀಲ್ದಾರರ ಪತ್ರವನ್ನೂ ಜೊತೆಗಿಡಬೇಕು.

ಅರ್ಜಿ, ಆಯ್ಕೆ, ಸೀಟು

ತಾಂತ್ರಿಕ ಶಿಕ್ಷಣ ಇಲಾಖೆಯ ಪ್ರಕಟಣೆ ಬಂದ ಮೇಲೆ ಅರ್ಜಿ. ಪ್ರವೇಶ ಪರೀಕ್ಷೆ ಇಲ್ಲ. ಎಸ್‌ಎಸ್‌ಎಲ್‌ಸಿ ಅಂಕವೇ ಮೆರಿಟ್. ಕಾಲೇಜು–ಶಾಖೆಗಳ ಆಯ್ಕೆ ಪಟ್ಟಿ ಕೊಡುವಾಗ ನಿಮಗೆ ನಿಜವಾಗಿ ಬೇಕಾದ್ದನ್ನೇ ಮೇಲೆ ಬರೆಯಿರಿ. 'ಇದು ಸಿಗಲಾರದು' ಎಂದು ಕೆಳಗೆ ತಳ್ಳಿದರೆ ಕೆಟ್ಟಿರಿ: ಮೇಲಿನಿಂದ ಯಾವುದು ಮೊದಲು ಸಿಗುತ್ತದೋ ಅಲ್ಲಿಗೇ ಹಂಚಿಕೆ ನಿಲ್ಲುತ್ತದೆ, ಕೆಳಗಿನದ್ದನ್ನು ಕಂಪ್ಯೂಟರ್ ನೋಡುವುದೇ ಇಲ್ಲ. ಹಾಗೆಂದು ಎರಡೇ ಆಯ್ಕೆ ಕೊಟ್ಟು ಕೂರಬೇಡಿ. ಸಂಜೆ ಕೊನೆಯ ಬಸ್ಸಿಗೆ ಊರು ಸೇರಬಹುದೇ, ಹಾಸ್ಟೆಲ್ ಇದೆಯೇ ಎಂಬುದನ್ನೂ ಪಟ್ಟಿ ಮಾಡುವ ಮೊದಲೇ ವಿಚಾರಿಸಿ. ಹಾಜರಾತಿ ಶೇ 75 ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ.

ಮೂಲ ಟಿಸಿ, ಅಂಕಪಟ್ಟಿ ಕಾಲೇಜಿಗೆ ಒಪ್ಪಿಸುವ ಮುನ್ನ ನಾಲ್ಕೈದು ಜೆರಾಕ್ಸ್ ಮಾಡಿಟ್ಟುಕೊಳ್ಳಿ. ಸ್ಕಾಲರ್‌ಶಿಪ್, ಬಸ್‌ ಪಾಸ್‌ಗೆ ಬೇಕಾಗುತ್ತವೆ.

ಎರಡು ವರ್ಷದ ಐಟಿಐ ಅಥವಾ ವಿಜ್ಞಾನ ಪಿಯುಸಿ ಮುಗಿಸಿದವರು ನೇರವಾಗಿ ಮೂರನೇ ಸೆಮಿಸ್ಟರ್‌ಗೆ ಸೇರಬಹುದು. ಡಿಪ್ಲೊಮಾ ಮುಗಿದ ಮೇಲೆ ಬಿಇ ಎರಡನೇ ವರ್ಷಕ್ಕೆ ಹೋಗಲು ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಆ ಯೋಚನೆ ಇದ್ದವರು ಮೊದಲ ವರ್ಷದ ಗಣಿತವನ್ನು ಬ್ಯಾಕ್‌ಲಾಗ್‌ಗೆ (ಪಾಸಾಗದೆ ಬಾಕಿ) ಬಿಡಬೇಡಿ, ಬಿಇಯಲ್ಲಿ ಪಿಯುಸಿ ಓದಿ ಬಂದವರ ಜೊತೆ ಒಂದೇ ಬೆಂಚಿನಲ್ಲಿ ಕೂರಬೇಕಾಗುತ್ತದೆ.