ನೇರಳೆ ಬಣ್ಣ ಇಳಿಯುವ ಆ ಮೂರು ಸೆಕೆಂಡು

ಬ್ಯಾಕ್ಟೀರಿಯಲ್ ವಜೈನೋಸಿಸ್, ಅಂದರೆ ಬಿವಿ, ಹೊರಗಿನಿಂದ ಬಂದ ಒಂದೇ ಒಂದು ರೋಗಾಣುವಿನ ಕೆಲಸ ಅಲ್ಲ. ಯೋನಿಯಲ್ಲಿ ಸಾಮಾನ್ಯವಾಗಿ ಹೆಚ್ಚಿರುವ ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಕಡಿಮೆಯಾಗಿ, ಗಾರ್ಡ್ನರೆಲ್ಲಾದಂಥ ಬೇರೆ ಬ್ಯಾಕ್ಟೀರಿಯಾಗಳು ಜಾಸ್ತಿಯಾಗುತ್ತವೆ. ಹಾಗಾಗಿ ಇಲ್ಲಿ ‘ರೋಗಾಣು ಇದೆಯಾ’ ಅಂತ ಹುಡುಕಿದರೆ ಪ್ರಯೋಜನ ಇಲ್ಲ. ಯಾರು ಎಷ್ಟಿದ್ದಾರೆ ಅಂತ ಲೆಕ್ಕ ಹಾಕಬೇಕು. ಸುಮ್ನೆ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಹಾಕಬೇಡಿ. ಆರೋಗ್ಯವಾಗಿರುವ ಎಷ್ಟೋ ಹೆಂಗಸರಲ್ಲೂ ಗಾರ್ಡ್ನರೆಲ್ಲಾ ಬೆಳೆಯುತ್ತದೆ.

1. ಸ್ವ್ಯಾಬ್

ಯೋನಿಯ ಪಕ್ಕದ ಗೋಡೆಯಿಂದ ತೆಗೆದದ್ದೇ ಬೇಕು. ಗರ್ಭಕಂಠದ ಲೋಳೆ ಸೇರಿದರೆ ಪಿಎಚ್ ತಾನಾಗಿಯೇ ಏರುತ್ತದೆ. ರಕ್ತ, ವೀರ್ಯ ಸೇರಿದರೂ ಅಷ್ಟೇ. ಮೊದಲು ಪಿಎಚ್ ಪಟ್ಟಿಗೆ ಒತ್ತಿ, 4.5 ದಾಟಿದರೆ ಬಿವಿ ಇರಬಹುದು. 1ರಿಂದ 14ರವರೆಗೆ ತೋರಿಸುವ ಪಟ್ಟಿ ಈ ಕೆಲಸಕ್ಕೆ ಬೇಡವೇ ಬೇಡ. ಅದರಲ್ಲಿ 4ಕ್ಕೂ 5ಕ್ಕೂ ನಡುವಿನ ಬಣ್ಣ ಗೊತ್ತೇ ಆಗಲ್ಲ. 4ರಿಂದ 6ರ ಆಸುಪಾಸಿನ ಪಟ್ಟಿ ತರಿಸಿಕೊಳ್ಳಿ.

2. ಹಸಿ ಸ್ಲೈಡ್

ಒಂದು ಹನಿ ಸಲೈನ್, ಮೇಲೆ ಕವರ್‌ಸ್ಲಿಪ್, ತಡ ಮಾಡದೆ ನೋಡಿ. ಅಂಚೇ ಕಾಣದಷ್ಟು ಬ್ಯಾಕ್ಟೀರಿಯಾ ಮೆತ್ತಿಕೊಂಡ ಯೋನಿಗೋಡೆಯ ಕೋಶಗಳು ಕಂಡರೆ ಅವೇ ಕ್ಲೂ ಸೆಲ್. ಕೋಶಗಳಲ್ಲಿ ನೂರಕ್ಕೆ 20ಕ್ಕಿಂತ ಹೆಚ್ಚು ಹೀಗಿದ್ದರೆ ಮಾತ್ರ ಲೆಕ್ಕಕ್ಕೆ. ಇನ್ನೊಂದು ಹನಿಗೆ 10% ಪೊಟ್ಯಾಷಿಯಂ ಹೈಡ್ರಾಕ್ಸೈಡ್ ಹಾಕಿದಾಗ ಮೀನಿನಂಥ ವಾಸನೆ ಬರುತ್ತದಾ ನೋಡಿ. ತೆಳುವಾದ ಬೂದುಬಿಳಿ ಸ್ರಾವ, ಪಿಎಚ್, ವಾಸನೆ, ಕ್ಲೂ ಸೆಲ್ – ನಾಲ್ಕರಲ್ಲಿ ಮೂರಿದ್ದರೆ ಬಿವಿ. 1983ರಿಂದ ನಡೆದು ಬಂದಿರುವ ಆಮ್ಸೆಲ್ ವಿಧಾನ ಇದು.

3. ಗ್ರಾಂ ಸ್ಟೈನ್

ಬ್ಯಾಕ್ಟೀರಿಯಾಗಳನ್ನು ನೇರಳೆ, ಗುಲಾಬಿ ಎಂದು ಬೇರ್ಪಡಿಸಲು ಬಣ್ಣ ಹಾಕುವ ವಿಧಾನ ಇದು. ಜನ ಎಡವುವುದು ಇಲ್ಲೇ. ಸ್ವ್ಯಾಬನ್ನು ಸ್ಲೈಡ್ ಮೇಲೆ ಉಜ್ಜಬೇಡಿ, ಉರುಳಿಸಿ. ಉಜ್ಜಿದರೆ ಕೋಶಗಳು ಹರಿದುಹೋಗುತ್ತವೆ. ಪದರ ತೆಳುವಾಗಿರಲಿ. ಎರಡು ಸ್ಲೈಡ್ ಮಾಡಿಡಿ, ಒಂದಲ್ಲ. ಪೂರ್ತಿ ಒಣಗಿದ ಮೇಲೆ ಮೆಥನಾಲ್ ಹಾಕಿ ಫಿಕ್ಸ್ ಮಾಡಿ, ಅಂದರೆ ಪದರ ಸ್ಲೈಡಿಗೆ ಅಂಟಿಕೊಳ್ಳುವಂತೆ ಮಾಡಿ. ಬೆಂಕಿಗೆ ಹಿಡಿಯುವವರೂ ಇದ್ದಾರೆ. ಕಾವು ಜಾಸ್ತಿಯಾದರೆ ಕೋಶದ ಆಕಾರವೇ ಕೆಡುತ್ತದೆ, ನನಗಂತೂ ಮೆಥನಾಲೇ ಸರಿ.

ಕ್ರಿಸ್ಟಲ್ ವಯಲೆಟ್ ಒಂದು ನಿಮಿಷ, ತೊಳೆದು ಅಯೋಡಿನ್ ಒಂದು ನಿಮಿಷ, ಮತ್ತೆ ತೊಳೆಯಿರಿ. ತಳದಲ್ಲಿ ಗಸಿ ಕೂತ ಬಾಟಲಿಯ ಬಣ್ಣವನ್ನು ಸೋಸದೆ ಮುಟ್ಟಬೇಡಿ. ಆ ನೇರಳೆ ಚೂರುಗಳು ಬ್ಯಾಕ್ಟೀರಿಯಾದ ಹಾಗೇ ಕಾಣುತ್ತವೆ.

ಈಗ ಬಣ್ಣ ಇಳಿಸುವುದು. ಸ್ಲೈಡ್ ಓರೆಯಾಗಿ ಹಿಡಿದು ಅಸಿಟೋನ್-ಆಲ್ಕೊಹಾಲನ್ನು ಹನಿಹನಿಯಾಗಿ ಬಿಡಿ. ಕಣ್ಣು ಕೆಳಗಿನ ಅಂಚಿನ ಮೇಲೇ ಇರಲಿ. ಮೊದಲು ಗಾಢ ನೇರಳೆ ಹರಿಯುತ್ತದೆ, ಆಮೇಲೆ ತೆಳು ನೀಲಿ. ಹರಿಯುವ ಹನಿ ನೀರಿನ ಹಾಗೆ ಆದ ಕ್ಷಣವೇ ನಲ್ಲಿ ನೀರಿಗೆ ಹಿಡಿಯಿರಿ. ಎರಡು-ಮೂರು ಸೆಕೆಂಡಿನ ಮಾತು. ಗಡಿಯಾರ ನೋಡಿ ಮಾಡುವ ಕೆಲಸ ಅಲ್ಲ ಇದು, ಯಾಕೆಂದರೆ ಒಂದೊಂದು ಸ್ಲೈಡಿನ ದಪ್ಪ ಒಂದೊಂದು ಥರ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಒಮ್ಮೆ ‘ಸ್ಕೋರ್ 7’, ಅಂದರೆ ಬಿವಿ (ಲೆಕ್ಕ ಮುಂದಿದೆ), ಎಂದು ಸ್ಲೈಡ್ ತಂದಳು. ಫೀಲ್ಡ್ (ಮೈಕ್ರೋಸ್ಕೋಪಿನಲ್ಲಿ ಒಮ್ಮೆಗೆ ಕಾಣುವ ಜಾಗ) ತುಂಬ ಗುಲಾಬಿ ಕಡ್ಡಿಗಳು, ನೇರಳೆ ಹೆಸರಿಗೂ ಇಲ್ಲ. ಎರಡನೇ ಸ್ಲೈಡಿಗೆ ನಾವಿಬ್ಬರೂ ನಿಂತು ಸ್ಟೈನ್ ಹಾಕಿದೆವು. ಅವೇ ಕಡ್ಡಿಗಳು ದಪ್ಪಗೆ, ಉದ್ದಕ್ಕೆ, ಕಡು ನೇರಳೆಯಾಗಿ ಕಂಡವು. ಎಲ್ಲಾ ಲ್ಯಾಕ್ಟೋಬ್ಯಾಸಿಲಸ್! ಸ್ಕೋರ್ 2. ಬಣ್ಣ ಜಾಸ್ತಿ ಇಳಿಸಿದ್ದಕ್ಕೆ, ಬಿವಿ ಇಲ್ಲದ ಹೆಂಗಸಿನ ಕೈಗೆ ಬಿವಿ ರಿಪೋರ್ಟ್ ಹೋಗುತ್ತಿತ್ತು.

ಕೊನೆಗೆ ಸಫ್ರನಿನ್ ಅರ್ಧ ನಿಮಿಷ. ಎಣಿಸುವ ಮೊದಲು ಯೋನಿಗೋಡೆಯ ಕೋಶದ ನ್ಯೂಕ್ಲಿಯಸ್ ನೋಡಿ. ಅದು ಗುಲಾಬಿ ಆಗಿರಬೇಕು. ನೇರಳೆ ಇದ್ದರೆ ಬಣ್ಣ ಸಾಕಷ್ಟು ಇಳಿದಿಲ್ಲ. ಜಾಸ್ತಿ ಇಳಿದಿದೆಯಾ ಅನ್ನುವುದು ಇದರಿಂದ ತಿಳಿಯಲ್ಲ. ಅದಕ್ಕೇ ಪ್ರತಿದಿನ ಸ್ಟಫೈಲೊಕಾಕಸ್, ಇ. ಕೋಲೈ ಹಚ್ಚಿದ ಕಂಟ್ರೋಲ್ ಸ್ಲೈಡನ್ನೂ ಜೊತೆಗೇ ಹಾಕಿ. ಮೊದಲನೆಯದು ನೇರಳೆ, ಎರಡನೆಯದು ಗುಲಾಬಿ ಬರಲೇಬೇಕು.

4. ಸ್ಕೋರ್

ಆಯಿಲ್ ಇಮ್ಮರ್ಶನ್‌ನಲ್ಲಿ (ಸ್ಲೈಡ್ ಮೇಲೆ ಎಣ್ಣೆ ಹನಿ ಹಾಕಿ ನೋಡುವ ಲೆನ್ಸ್), 1000 ಪಟ್ಟು ದೊಡ್ಡದಾಗಿ ನೋಡಿ. 1991ರ ನ್ಯೂಜೆಂಟ್ ಲೆಕ್ಕದಲ್ಲಿ ಫೀಲ್ಡಿನ ಸರಾಸರಿಗೆ ಅಂಕ. ಲ್ಯಾಕ್ಟೋಬ್ಯಾಸಿಲಸ್ 30ಕ್ಕಿಂತ ಹೆಚ್ಚಿದ್ದರೆ 0, ಒಂದೂ ಇಲ್ಲದಿದ್ದರೆ 4. ಗಾರ್ಡ್ನರೆಲ್ಲಾದಂಥ ಸಣ್ಣ ಕಡ್ಡಿಗಳಿಗೆ ಇದರ ಉಲ್ಟಾ. ಬಾಗಿದ ಕಡ್ಡಿಗಳಿಗೆ 2ರವರೆಗೆ. ಒಟ್ಟು 0–3 ಸರಿ ಇದೆ, 7–10 ಬಿವಿ. ಎರಡೇ ಫೀಲ್ಡ್ ನೋಡಿ ಅಂಕ ಬರೆಯುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ, ಬೇರೆ ಬೇರೆ ಕಡೆಯ ಹತ್ತಾದರೂ ನೋಡಿ.

4–6 ಬಂದರೆ ‘ನಡುವಿನ ಹಂತ’ ಅಂತಲೇ ಬರೆಯಿರಿ, ಆ ಕಡೆಗೋ ಈ ಕಡೆಗೋ ತಳ್ಳಬೇಡಿ. ಯೀಸ್ಟ್ ಕಂಡರೆ ಅದನ್ನೂ ನಮೂದಿಸಿ. ಬಿವಿಯಲ್ಲಿ ಸಾಮಾನ್ಯವಾಗಿ ಕೀವುಕಣ ಕಡಿಮೆ. ಅವು ರಾಶಿ ಇದ್ದರೆ ರಿಪೋರ್ಟಿನಲ್ಲಿ ಒಂದು ಸಾಲು ಸೇರಿಸಿ, ಡಾಕ್ಟರು ಬೇರೆ ಸೋಂಕಿಗೂ ಹುಡುಕುತ್ತಾರೆ.